ವೈದ್ಯಪೂರ್ವ ಶಿಕ್ಷಣದಲ್ಲಿ ಪರಿಚಯಾತ್ಮಕ ವಿಜ್ಞಾನ ಕೋರ್ಸುಗಳ ವಿನಾಯಿತಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪದವಿ ಶಿಕ್ಷಣ ಮುಗಿಸಿ ವೈದ್ಯಕೀಯ ಶಾಲೆಯನ್ನು ಸೇರಬಯಸುವ ವಿದ್ಯಾರ್ಥಿಗಳನ್ನು ವೈದ್ಯಪೂರ್ವ ಅಥವಾ ಪ್ರೀಮೆಡ್ ವಿದ್ಯಾರ್ಥಿಗಳು ಎಂದು ಕರೆಯಲಾಗುತ್ತದೆ. ಇವರಲ್ಲಿ ಅನೇಕರು ಪ್ರೌಢಶಾಲೆಯಲ್ಲಿಯೇ ಕಾಲೇಜು ಮಟ್ಟದ ವಿಜ್ಞಾನವನ್ನು ಓದಿ ಪರೀಕ್ಷೆ ಬರೆದಿರುತ್ತಾರೆ. ಆ ಪರೀಕ್ಷೆಯ ಅಂಕದ ಆಧಾರದ ಮೇಲೆ ಕಾಲೇಜಿನ ಮೊದಲ ವರ್ಷದ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರದ ಕೋರ್ಸುಗಳಿಂದ ವಿನಾಯಿತಿ ಪಡೆದು ನೇರವಾಗಿ ಮೇಲಿನ ಹಂತಕ್ಕೆ ಹೋಗಬೇಕೆ, ಅಥವಾ ಆ ಕೋರ್ಸುಗಳನ್ನು ಕಾಲೇಜಿನಲ್ಲಿ ಮತ್ತೊಮ್ಮೆ ಓದಬೇಕೆ ಎಂಬುದು ಅಲ್ಲಿನ ವಿದ್ಯಾರ್ಥಿಗಳು, ಪೋಷಕರು ಮತ್ತು ಸಲಹೆಗಾರರ ನಡುವೆ ಬಹುಕಾಲದಿಂದ ಚರ್ಚೆಯಲ್ಲಿರುವ ಪ್ರಶ್ನೆಯಾಗಿದೆ. ಎಲ್ಲ ವಿಷಯಗಳಿಗೂ ಅನ್ವಯಿಸುವ ಒಂದೇ ಉತ್ತರ ಇದಕ್ಕಿಲ್ಲ. ಜೀವಶಾಸ್ತ್ರದಲ್ಲಿ ಸರಿಯೆನಿಸುವ ನಿರ್ಧಾರವು ಭೌತಶಾಸ್ತ್ರದಲ್ಲಿ ಅದೇ ವಿದ್ಯಾರ್ಥಿಗೆ ತೊಡಕಾಗಬಹುದು.

ಹಿನ್ನೆಲೆ

ಅಮೆರಿಕದಲ್ಲಿ ವೈದ್ಯಕೀಯ ಶಿಕ್ಷಣವು ಸಾಮಾನ್ಯವಾಗಿ ನಾಲ್ಕು ವರ್ಷಗಳ ಪದವಿಯ ನಂತರ ಆರಂಭವಾಗುತ್ತದೆ. ಪ್ರೀಮೆಡ್ ಎಂಬುದು ಬಹುತೇಕ ಕಾಲೇಜುಗಳಲ್ಲಿ ಪ್ರತ್ಯೇಕ ಪದವಿಯಲ್ಲ. ವಿದ್ಯಾರ್ಥಿಯು ಇತಿಹಾಸವನ್ನೋ ಸಂಗೀತವನ್ನೋ ಮುಖ್ಯ ವಿಷಯವಾಗಿ ಓದುತ್ತಲೇ ವೈದ್ಯಕೀಯ ಶಾಲೆಗಳು ಬಯಸುವ ವಿಜ್ಞಾನ ಕೋರ್ಸುಗಳನ್ನು ಪೂರೈಸಬಹುದು. ಈ ಕೋರ್ಸುಗಳ ಪಟ್ಟಿಗೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. 1893ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯು ಪ್ರವೇಶಕ್ಕೆ ಪದವಿಯನ್ನು ಕಡ್ಡಾಯಗೊಳಿಸಿತು. ಆ ಕಾಲದ ಅನೇಕ ಶಾಲೆಗಳಲ್ಲಿ ಪ್ರೌಢಶಾಲೆ ಮುಗಿಸದವರಿಗೂ ಪ್ರವೇಶ ದೊರೆಯುತ್ತಿತ್ತು. 1910ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅಬ್ರಹಾಂ ಫ್ಲೆಕ್ಸ್‌ನರ್ ಅವರು ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳ ಸ್ಥಿತಿಗತಿಯನ್ನು ಕುರಿತು ಪ್ರಕಟಿಸಿದ ವರದಿಯು, ವೈದ್ಯಕೀಯ ಪ್ರವೇಶಕ್ಕೆ ಮೊದಲು ಕನಿಷ್ಠ ಎರಡು ವರ್ಷಗಳ ಕಾಲೇಜು ಶಿಕ್ಷಣ ಇರಬೇಕು, ಅದರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಸೇರಿರಬೇಕು ಎಂದು ಪ್ರತಿಪಾದಿಸಿತು. ಅಲ್ಲಿಂದ ಮುಂದೆ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರ ತಲಾ ಒಂದು ವರ್ಷ, ಎಲ್ಲವೂ ಪ್ರಯೋಗಾಲಯದೊಂದಿಗೆ ಎಂಬ ಪಟ್ಟಿ ರೂಢಿಗೆ ಬಂದಿತು. ಇತ್ತೀಚಿನ ದಶಕಗಳಲ್ಲಿ ಇದಕ್ಕೆ ಜೀವರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಮನೋವಿಜ್ಞಾನ ಮತ್ತು ಸಮಾಜಶಾಸ್ತ್ರಗಳು ಸೇರಿಕೊಂಡಿವೆ.

ವಿನಾಯಿತಿಯ ಬೇರು ಇನ್ನೊಂದು ಕಡೆಯಿದೆ. ಪ್ರೌಢಶಾಲೆಯ ಕೊನೆಯ ವರ್ಷಗಳಲ್ಲಿ ಓದಿದ್ದನ್ನೇ ಪ್ರತಿಭಾವಂತ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಮತ್ತೆ ಓದಿ ಕಾಲಹರಣ ಮಾಡುತ್ತಿದ್ದಾರೆ ಎಂಬ ಚಿಂತೆ 1950ರ ದಶಕದ ಆರಂಭದಲ್ಲಿ ಅಲ್ಲಿನ ಶಿಕ್ಷಣ ವಲಯದಲ್ಲಿ ಎದ್ದಿತು. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ನಡೆದ ಪ್ರಯೋಗಗಳ ಫಲವಾಗಿ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಸಂಕ್ಷಿಪ್ತವಾಗಿ ಎಪಿ, ಎಂಬ ಕಾರ್ಯಕ್ರಮ ರೂಪುಗೊಂಡಿತು. 1955ರಲ್ಲಿ ಕಾಲೇಜ್ ಬೋರ್ಡ್ ಸಂಸ್ಥೆ ಅದರ ಹೊಣೆ ವಹಿಸಿಕೊಂಡಿತು. ಎಪಿ ಪರೀಕ್ಷೆಗಳು ಪ್ರತಿವರ್ಷ ಮೇ ತಿಂಗಳಲ್ಲಿ ನಡೆಯುತ್ತವೆ. ಅಂಕ 1ರಿಂದ 5ರವರೆಗೆ. ಎಷ್ಟು ಅಂಕಕ್ಕೆ ಏನು ಕೊಡಬೇಕೆಂಬುದನ್ನು ಆಯಾ ಕಾಲೇಜು ನಿರ್ಧರಿಸುತ್ತದೆ. ಕೆಲವು 3ಕ್ಕೆ ತೃಪ್ತವಾದರೆ, ಸ್ಪರ್ಧೆ ತೀವ್ರವಾಗಿರುವ ಕಾಲೇಜುಗಳು ವಿಜ್ಞಾನ ವಿಷಯಗಳಲ್ಲಿ 4 ಅಥವಾ 5 ಕೇಳುತ್ತವೆ. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್‌ನ ಉನ್ನತ ಹಂತದ ವಿಷಯಗಳಿಗೂ ಬ್ರಿಟಿಷ್ ಮಾದರಿಯ ಎ-ಲೆವೆಲ್‌ಗೂ ಹಲವೆಡೆ ಇದೇ ರೀತಿಯ ಮಾನ್ಯತೆಯಿದೆ.

ಕ್ರೆಡಿಟ್ ಮತ್ತು ಸ್ಥಾನನಿರ್ಣಯ

ಈ ವಿಷಯದ ಚರ್ಚೆಗಳಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗುತ್ತವೆ. ಕ್ರೆಡಿಟ್ ಎಂದರೆ ಪದವಿಗೆ ಬೇಕಾದ ಒಟ್ಟು ಗಂಟೆಗಳಲ್ಲಿ ಇಷ್ಟು ಈಗಾಗಲೇ ಸಂದಿವೆ ಎಂಬ ಲೆಕ್ಕ. ಸ್ಥಾನನಿರ್ಣಯ ಎಂದರೆ ಮೊದಲ ಕೋರ್ಸನ್ನು ಓದದೆ ಎರಡನೆಯದಕ್ಕೆ ಹೋಗಲು ಸಿಗುವ ಅನುಮತಿ. ಕೆಲವು ಕಾಲೇಜುಗಳು ಎರಡನ್ನೂ ಕೊಡುತ್ತವೆ, ಕೆಲವು ಸ್ಥಾನನಿರ್ಣಯವನ್ನಷ್ಟೇ ಕೊಡುತ್ತವೆ. ಇವೆರಡಕ್ಕೂ ಸಂಬಂಧಿಸದ ಮೂರನೆಯದೊಂದಿದೆ: ವೈದ್ಯಕೀಯ ಶಾಲೆಯ ಒಪ್ಪಿಗೆ. ಪದವಿ ಕಾಲೇಜು ಕ್ರೆಡಿಟ್ ಕೊಟ್ಟ ಮಾತ್ರಕ್ಕೆ ನಾಲ್ಕು ವರ್ಷಗಳ ನಂತರ ಅರ್ಜಿ ಪರಿಶೀಲಿಸುವ ವೈದ್ಯಕೀಯ ಶಾಲೆಯು ಅದನ್ನು ಒಪ್ಪಲೇಬೇಕೆಂದಿಲ್ಲ.

ವೈದ್ಯಕೀಯ ಶಾಲೆಗಳ ನಿಯಮಗಳು ಸ್ಥೂಲವಾಗಿ ಮೂರು ಬಗೆಯವು. ಕೆಲವು ಎಪಿ ಕ್ರೆಡಿಟ್ಟನ್ನು ಹಾಗೆಯೇ ಒಪ್ಪುತ್ತವೆ. ಕೆಲವು ಒಪ್ಪುವುದಿಲ್ಲ. ಹಲವು ಶಾಲೆಗಳು ನಡುದಾರಿ ಹಿಡಿದು, ವಿನಾಯಿತಿ ಪಡೆದ ವಿಷಯದಲ್ಲಿಯೇ ಮೇಲಿನ ಹಂತದ ಕೋರ್ಸನ್ನು ಕಾಲೇಜಿನಲ್ಲಿ ಓದಿರಬೇಕು ಎಂಬ ಷರತ್ತಿನೊಂದಿಗೆ ಒಪ್ಪುತ್ತವೆ. ಒಂದೇ ಶಾಲೆ ಭೌತಶಾಸ್ತ್ರಕ್ಕೆ ಒಂದು ನಿಯಮ, ಜೀವಶಾಸ್ತ್ರಕ್ಕೆ ಇನ್ನೊಂದು ನಿಯಮ ಇಟ್ಟುಕೊಂಡಿರುವುದೂ ಉಂಟು. ಅಮೆರಿಕನ್ ವೈದ್ಯಕೀಯ ಕಾಲೇಜುಗಳ ಸಂಘವು ಎಲ್ಲ ಸದಸ್ಯ ಶಾಲೆಗಳ ಪ್ರವೇಶ ನಿಯಮಗಳನ್ನು ಒಂದೆಡೆ ಪ್ರಕಟಿಸುತ್ತದೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಅಣ್ಣನೋ ಅಕ್ಕನೋ ನಾಲ್ಕು ವರ್ಷದ ಹಿಂದೆ ಪಡೆದ ಅನುಭವವನ್ನು ನೆಚ್ಚಿಕೊಳ್ಳುವುದು ಅಪಾಯಕರ. ಎಪಿ ಕ್ರೆಡಿಟ್ ಲೆಕ್ಕಕ್ಕೆ ಬರಬೇಕಾದರೆ ಅದು ಕಾಲೇಜಿನ ಅಧಿಕೃತ ಅಂಕಪಟ್ಟಿಯಲ್ಲಿ ನಮೂದಾಗಿರಬೇಕು ಎಂಬುದನ್ನೂ ಅನೇಕರು ತಡವಾಗಿ ತಿಳಿಯುತ್ತಾರೆ.

ಪಟ್ಟಿಯನ್ನೇ ಕೈಬಿಟ್ಟ ಶಾಲೆಗಳೂ ಇವೆ. 2009ರಲ್ಲಿ ಈ ಸಂಘವು ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯೊಡನೆ ಸೇರಿ ಹೊರತಂದ ವರದಿಯು, ವಿದ್ಯಾರ್ಥಿ ಯಾವ ಕೋರ್ಸು ಓದಿದ್ದಾನೆ ಎಂಬುದಕ್ಕಿಂತ ಯಾವ ವೈಜ್ಞಾನಿಕ ಸಾಮರ್ಥ್ಯಗಳನ್ನು ಗಳಿಸಿದ್ದಾನೆ ಎಂಬುದನ್ನು ನೋಡಬೇಕೆಂದು ಸಲಹೆ ಮಾಡಿತು. ಸ್ಟ್ಯಾನ್‌ಫರ್ಡ್ ವೈದ್ಯಕೀಯ ಶಾಲೆಯಂಥವು ನಿರ್ದಿಷ್ಟ ಕೋರ್ಸುಗಳನ್ನು ಕಡ್ಡಾಯಗೊಳಿಸದೆ ಶಿಫಾರಸು ಮಾತ್ರ ಮಾಡುತ್ತವೆ. ಆದರೆ ಒಬ್ಬ ಅಭ್ಯರ್ಥಿ ಹತ್ತಾರು ಶಾಲೆಗಳಿಗೆ ಅರ್ಜಿ ಹಾಕುವುದು ಅಲ್ಲಿ ಸಾಮಾನ್ಯವಾದ್ದರಿಂದ, ಅವುಗಳಲ್ಲಿ ಅತ್ಯಂತ ಕಟ್ಟುನಿಟ್ಟಿನ ಶಾಲೆಯ ನಿಯಮವೇ ಅವನ ಪಾಲಿಗೆ ನಿಯಮವಾಗಿ ಉಳಿಯುತ್ತದೆ.

ವಿಷಯವಾರು ಪರಿಗಣನೆ

ಜೀವಶಾಸ್ತ್ರ: ಮೂರು ವಿಷಯಗಳಲ್ಲಿ ವಿನಾಯಿತಿ ಹೆಚ್ಚು ಸಮಂಜಸವೆನಿಸುವುದು ಇಲ್ಲಿ. ತಳಿವಿಜ್ಞಾನ, ಜೀವಕೋಶಶಾಸ್ತ್ರ, ಶರೀರಕ್ರಿಯಾವಿಜ್ಞಾನ, ಸೂಕ್ಷ್ಮಜೀವಿಶಾಸ್ತ್ರ ಮೊದಲಾದ ಮೇಲಿನ ಕೋರ್ಸುಗಳು ಹೇರಳವಾಗಿವೆ. ಪ್ರೀಮೆಡ್ ವಿದ್ಯಾರ್ಥಿ ಹೇಗಿದ್ದರೂ ಅವುಗಳಲ್ಲಿ ಕೆಲವನ್ನು ಓದುತ್ತಾನೆ. ಷರತ್ತಿನ ಮೇಲೆ ಒಪ್ಪುವ ಶಾಲೆಗಳ ಷರತ್ತು ತಾನಾಗಿಯೇ ಪೂರೈಕೆಯಾಗುತ್ತದೆ. ಒಂದು ಕೊರತೆಯನ್ನು ಮಾತ್ರ ಗಮನಿಸಬೇಕು. 2012–13ರಲ್ಲಿ ಎಪಿ ಜೀವಶಾಸ್ತ್ರದ ಪಠ್ಯಕ್ರಮವನ್ನು ಕಂಠಪಾಠ ತಗ್ಗಿಸುವ ಉದ್ದೇಶದಿಂದ ಪುನಾರಚಿಸಲಾಯಿತು. ಆಗಿನಿಂದ ಮಾನವ ಅಂಗವ್ಯೂಹಗಳ ಭಾಗ ಬಹಳಷ್ಟು ಕುಗ್ಗಿದೆ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದರೋ ಮೂತ್ರಪಿಂಡ, ಹೃದಯ, ನಿರ್ನಾಳ ಗ್ರಂಥಿಗಳ ಕುರಿತು ವಿವರವಾಗಿ ಕೇಳುತ್ತದೆ. ಆದ್ದರಿಂದ ವಿನಾಯಿತಿ ಪಡೆದವರಿಗೆ ಶರೀರಕ್ರಿಯಾವಿಜ್ಞಾನದ ಒಂದು ಕೋರ್ಸು ಬಹುಮಟ್ಟಿಗೆ ಅನಿವಾರ್ಯ.

ಸಾಮಾನ್ಯ ರಸಾಯನಶಾಸ್ತ್ರ: ಎಪಿ ರಸಾಯನಶಾಸ್ತ್ರದ ವ್ಯಾಪ್ತಿಯು ಕಾಲೇಜಿನ ಮೊದಲ ವರ್ಷದ ಕೋರ್ಸಿಗೆ ಸಾಕಷ್ಟು ಹತ್ತಿರವಾಗಿದೆ. ಸಮತೋಲನ, ಆಮ್ಲ-ಪ್ರತ್ಯಾಮ್ಲ, ಉಷ್ಣಬಲವಿಜ್ಞಾನ, ಕ್ರಿಯಾವೇಗ, ವಿದ್ಯುದ್ರಸಾಯನ ಎಲ್ಲವೂ ಅದರಲ್ಲಿವೆ. ತೊಡಕಿರುವುದು ಪಠ್ಯದಲ್ಲಲ್ಲ, ಮುಂದಿನ ಮೆಟ್ಟಿಲಿನಲ್ಲಿ. ವಿನಾಯಿತಿ ಪಡೆದವನು ಸಾಮಾನ್ಯವಾಗಿ ಎರಡನೇ ವರ್ಷದಲ್ಲಿ ಓದುವ ಸಾವಯವ ರಸಾಯನಶಾಸ್ತ್ರಕ್ಕೆ ಕಾಲೇಜಿನ ಮೊದಲ ತಿಂಗಳಲ್ಲಿಯೇ ಕೂರಬೇಕಾಗುತ್ತದೆ. ಪ್ರೀಮೆಡ್ ಹಾದಿಯಲ್ಲಿ ಅತಿ ಕಠಿಣವೆಂದು ಹೆಸರಾದ ಕೋರ್ಸು ಅದು. ಮನೆಬಿಟ್ಟು ಬಂದು ಹಾಸ್ಟೆಲ್ ಜೀವನಕ್ಕೆ ಇನ್ನೂ ಹೊಂದಿಕೊಳ್ಳದ ಹದಿನೆಂಟರ ವಿದ್ಯಾರ್ಥಿ, ಒಂದು ವರ್ಷ ಕಾಲೇಜಿನ ರೀತಿನೀತಿ ಕಲಿತ ಹಿರಿಯರೊಡನೆ ಅಲ್ಲಿ ಸ್ಪರ್ಧಿಸುತ್ತಾನೆ. ಇದನ್ನರಿತ ಹಲವು ಕಾಲೇಜುಗಳು ತಮ್ಮದೇ ಅರ್ಹತಾ ಪರೀಕ್ಷೆ ನಡೆಸುತ್ತವೆ, ಅಥವಾ ಎಪಿ ಮುಗಿಸಿ ಬಂದವರಿಗಾಗಿ ಎರಡು ಸೆಮಿಸ್ಟರುಗಳ ಪಾಠವನ್ನು ಒಂದೇ ಸೆಮಿಸ್ಟರಿನಲ್ಲಿ ಹೇಳುವ ವೇಗದ ಕೋರ್ಸನ್ನು ಇಟ್ಟಿರುತ್ತವೆ. ಅಂಥ ಕೋರ್ಸು ಲಭ್ಯವಿರುವಲ್ಲಿ ಬಹಳ ಮಂದಿಗೆ ಅದೇ ಒಳ್ಳೆಯ ಆಯ್ಕೆ: ಕಾಲೇಜಿನ ಪ್ರಯೋಗಾಲಯವೂ ದೊರೆಯುತ್ತದೆ, ಅಂಕಪಟ್ಟಿಯಲ್ಲಿ ಒಂದು ಶ್ರೇಣಿಯೂ ದಾಖಲಾಗುತ್ತದೆ, ಓದಿದ್ದನ್ನೇ ವರ್ಷವಿಡೀ ಓದುವ ಬೇಸರವೂ ತಪ್ಪುತ್ತದೆ.

ಭೌತಶಾಸ್ತ್ರ: ವಿನಾಯಿತಿ ಆಕರ್ಷಕವಾಗಿ ಕಂಡು ಆಮೇಲೆ ಕಾಡುವುದು ಇದರಲ್ಲಿ. ಜೀವಶಾಸ್ತ್ರ ಅಥವಾ ರಸಾಯನಶಾಸ್ತ್ರದಲ್ಲಿ ವಿನಾಯಿತಿ ಪಡೆದವನು ಅದೇ ವಿಷಯದ ಮುಂದಿನ ಕೋರ್ಸುಗಳಲ್ಲಿ ಹಳೆಯ ಪಾಠವನ್ನು ಬಳಸುತ್ತಲೇ ಇರುತ್ತಾನೆ. ಭೌತಶಾಸ್ತ್ರದಲ್ಲಿ ಪ್ರೀಮೆಡ್ ವಿದ್ಯಾರ್ಥಿಗೆ ಸಹಜವಾದ ಮುಂದಿನ ಕೋರ್ಸೇ ಇಲ್ಲ; ಮೇಲಿನ ಹಂತದಲ್ಲಿರುವುದು ಕ್ವಾಂಟಂ ಬಲವಿಜ್ಞಾನದಂಥ, ಆ ವಿಭಾಗದವರಿಗೆಂದೇ ರೂಪಿಸಿದ ಕೋರ್ಸುಗಳು. ಹೀಗಾಗಿ ಪ್ರೌಢಶಾಲೆಯ ಮೇ ತಿಂಗಳಲ್ಲಿ ಮುಚ್ಚಿದ ಪುಸ್ತಕ ಮೂರು ವರ್ಷಗಳ ನಂತರ ಪ್ರವೇಶ ಪರೀಕ್ಷೆಯ ತಯಾರಿಯಲ್ಲಿಯೇ ಮತ್ತೆ ತೆರೆದುಕೊಳ್ಳುವುದು.

ಎಪಿ ಭೌತಶಾಸ್ತ್ರದ ವಿಂಗಡಣೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಕಲನಶಾಸ್ತ್ರ ಆಧಾರಿತ ಭೌತಶಾಸ್ತ್ರ ಸಿ ಎಂಬ ಪತ್ರಿಕೆಯನ್ನು ಹೆಚ್ಚು ಕಠಿಣ, ಆದ್ದರಿಂದ ಹೆಚ್ಚು ಗೌರವದ್ದು ಎಂದು ಭಾವಿಸಲಾಗುತ್ತದೆ. ಅದರ ಎರಡು ಭಾಗಗಳು ಬಲವಿಜ್ಞಾನ ಹಾಗೂ ವಿದ್ಯುತ್-ಕಾಂತತ್ವ. ದ್ರವಚಲನೆ, ಶಬ್ದ, ಬೆಳಕು, ಮಸೂರಗಳು, ಶಾಖ ಅದರಲ್ಲಿಲ್ಲ. ಎರಡರಲ್ಲೂ 5 ಪಡೆದ ವಿದ್ಯಾರ್ಥಿಯೊಬ್ಬ ರಕ್ತನಾಳದಲ್ಲಿ ಒತ್ತಡ ಮತ್ತು ಹರಿವಿನ ಸಂಬಂಧವನ್ನಾಗಲಿ, ಕಣ್ಣಿನ ಮಸೂರ ಹೇಗೆ ಕೆಲಸ ಮಾಡುತ್ತದೆಂಬುದನ್ನಾಗಲಿ ಆ ಕೋರ್ಸಿನಲ್ಲಿ ಓದಿರುವುದಿಲ್ಲ. ವೈದ್ಯನಾಗುವವನಿಗೆ ಭೌತಶಾಸ್ತ್ರದಿಂದ ಮೊದಲು ಬೇಕಾಗುವುದು ಇವೇ.

ಪ್ರವೇಶ ಪರೀಕ್ಷೆ ಮತ್ತು ಶ್ರೇಣಿಯ ಲೆಕ್ಕ

ವೈದ್ಯಕೀಯ ಕಾಲೇಜು ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ 2015ರಲ್ಲಿ ಈಗಿನ ರೂಪ ಪಡೆಯಿತು. ಒಟ್ಟು ಅಂಕ 472ರಿಂದ 528ರ ನಡುವೆ ಇರುತ್ತದೆ. ನಾಲ್ಕು ವಿಭಾಗಗಳಲ್ಲಿ ಒಂದಾದ ಜೈವಿಕ ವ್ಯವಸ್ಥೆಗಳ ರಾಸಾಯನಿಕ ಮತ್ತು ಭೌತಿಕ ತಳಹದಿಯಲ್ಲಿ 59 ಪ್ರಶ್ನೆಗಳಿದ್ದು, ಸುಮಾರು ಶೇ. 30ರಷ್ಟು ಸಾಮಾನ್ಯ ರಸಾಯನಶಾಸ್ತ್ರದಿಂದಲೂ ಶೇ. 25ರಷ್ಟು ಪರಿಚಯಾತ್ಮಕ ಭೌತಶಾಸ್ತ್ರದಿಂದಲೂ ಬರುತ್ತವೆ. ಅಂದರೆ ಈ ವಿಭಾಗದ ಅರ್ಧಕ್ಕಿಂತ ಹೆಚ್ಚು ಭಾಗ ವಿನಾಯಿತಿಯ ಪಟ್ಟಿಯಲ್ಲಿರುವ ಎರಡು ಕೋರ್ಸುಗಳದ್ದೇ. ಪರೀಕ್ಷೆಯು ಅಭ್ಯರ್ಥಿಗೆ ಎಪಿಯಲ್ಲಿ ಎಷ್ಟು ಬಂದಿತ್ತೆಂದು ಕೇಳುವುದಿಲ್ಲ. ಕೋರ್ಸಿನಿಂದ ತಪ್ಪಿಸಿಕೊಳ್ಳಬಹುದಾದರೂ ವಿಷಯದಿಂದ ತಪ್ಪಿಸಿಕೊಳ್ಳಲಾಗದು.

ಶ್ರೇಣಿಯ ಲೆಕ್ಕ ಇನ್ನಷ್ಟು ಸೂಕ್ಷ್ಮ. ಬಹುಪಾಲು ವೈದ್ಯಕೀಯ ಶಾಲೆಗಳ ಅರ್ಜಿಗಳನ್ನು ಸ್ವೀಕರಿಸುವ ಆಮ್‌ಕಾಸ್ ಎಂಬ ಕೇಂದ್ರೀಯ ವ್ಯವಸ್ಥೆಯು ಒಟ್ಟು ಜಿಪಿಎ ಜೊತೆಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ಗಣಿತ ಸೇರಿದ ವಿಜ್ಞಾನ ಜಿಪಿಎಯನ್ನು ಪ್ರತ್ಯೇಕವಾಗಿ ಲೆಕ್ಕಹಾಕುತ್ತದೆ. ಎಪಿ ಕ್ರೆಡಿಟ್ಟಿಗೆ ಶ್ರೇಣಿ ಇಲ್ಲದ್ದರಿಂದ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ. ವಿನಾಯಿತಿ ಪಡೆದವನು ಸುಲಭವಾಗಿ ಬರಬಹುದಾಗಿದ್ದ ಎ ಶ್ರೇಣಿಗಳನ್ನು ಬಿಟ್ಟು, ಕಠಿಣ ಕೋರ್ಸುಗಳ ಶ್ರೇಣಿಗಳ ಮೇಲೆಯೇ ನಿಲ್ಲುತ್ತಾನೆ ಎಂಬ ವಾದ ಇಲ್ಲಿಂದ ಹುಟ್ಟಿದ್ದು. ವಾದದಲ್ಲಿ ಹುರುಳಿದೆ. ಆದರೆ ಅದು ಎ ಖಂಡಿತವೆಂದು ಊಹಿಸಿಕೊಂಡಿದೆ. ಗೊತ್ತಿರುವುದೇ ಅಲ್ಲವೆ ಎಂಬ ಸಡಿಲಿಕೆಯಿಂದ ಕೂತು, ಅಕ್ಟೋಬರ್ ಹೊತ್ತಿಗೆ ತರಗತಿ ತನ್ನನ್ನು ದಾಟಿ ಹೋಗಿರುವುದನ್ನು ಕಂಡುಕೊಳ್ಳುವ ವಿದ್ಯಾರ್ಥಿಗಳು ಸಲಹೆಗಾರರಿಗೆ ಹೊಸಬರಲ್ಲ. ಈಗಾಗಲೇ ಓದಿದ ವಿಷಯದಲ್ಲಿ ಬಂದ ಬಿ, ಹೊಸ ವಿಷಯದಲ್ಲಿ ಬಂದ ಬಿಗಿಂತ ವಿವರಿಸಲು ಕಷ್ಟ.

ಶಿಫಾರಸು ಪತ್ರಗಳ ದೃಷ್ಟಿಯಿಂದ ತಕ್ಕಡಿ ಇನ್ನೊಂದೆಡೆ ವಾಲುತ್ತದೆ. ವೈದ್ಯಕೀಯ ಶಾಲೆಗಳು ಸಾಮಾನ್ಯವಾಗಿ ವಿಜ್ಞಾನ ಬೋಧಕರ ಪತ್ರಗಳನ್ನು ಕೇಳುತ್ತವೆ. ನೂರಾರು ಮಂದಿ ಕೂರುವ ಪರಿಚಯಾತ್ಮಕ ತರಗತಿಯಲ್ಲಿ ಪ್ರಾಧ್ಯಾಪಕರಿಗೆ ವಿದ್ಯಾರ್ಥಿಯ ಮುಖಪರಿಚಯವಾಗುವುದೂ ಅಪರೂಪ. ಬೇಗನೆ ಮೇಲಿನ ಹಂತದ ಸಣ್ಣ ತರಗತಿಗಳಿಗೆ ಹೋದವನಿಗೆ ಸಂಶೋಧನಾ ಪ್ರಯೋಗಾಲಯದ ಬಾಗಿಲೂ ಬೇಗ ತೆರೆಯುತ್ತದೆ.

ಹಣದ ಉಳಿತಾಯವನ್ನೂ ಕಡೆಗಣಿಸುವಂತಿಲ್ಲ. ಅಮೆರಿಕದಲ್ಲಿ ಸಾಲ ಮಾಡಿ ವೈದ್ಯಕೀಯ ಪದವಿ ಪಡೆದವರ ಶೈಕ್ಷಣಿಕ ಸಾಲದ ಮಧ್ಯಕ ಮೊತ್ತ ಸುಮಾರು 2 ಲಕ್ಷ ಡಾಲರ್. ಒಂದು ಸೆಮಿಸ್ಟರಿನ ಶುಲ್ಕ ಉಳಿದರೂ ಕೆಲವು ಕುಟುಂಬಗಳಿಗೆ ಅದು ದೊಡ್ಡದೇ.

ಅಧ್ಯಯನಗಳು

ಎಪಿ ಓದಿ ಬಂದವರು ನಿಜಕ್ಕೂ ಕಾಲೇಜಿನ ಕೋರ್ಸನ್ನು ಕಲಿತಿರುತ್ತಾರೆಯೆ ಎಂಬುದನ್ನು ಫಿಲಿಪ್ ಸ್ಯಾಡ್ಲರ್ ಮತ್ತು ರಾಬರ್ಟ್ ತಾಯ್ ಅವರು ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಎಪಿ ವಿಜ್ಞಾನ ಓದಿಯೂ ಕಾಲೇಜಿನಲ್ಲಿ ಪರಿಚಯಾತ್ಮಕ ಕೋರ್ಸನ್ನೇ ತೆಗೆದುಕೊಂಡವರನ್ನು ಅವರು ಇತರರೊಡನೆ ಹೋಲಿಸಿದರು. ಎಪಿ ಓದಿದವರು ಸರಾಸರಿಯಲ್ಲಿ ಮುಂದಿದ್ದರು. ಆದರೆ ಅವರ ಹಿಂದಿನ ಶೈಕ್ಷಣಿಕ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಮುನ್ನಡೆ ಕಿರಿದಾಯಿತು. ಇದೇ ಸಂಶೋಧಕರು 2007ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಪ್ರೌಢಶಾಲೆಯ ಗಣಿತ ತಯಾರಿಯು ಎಲ್ಲ ವಿಜ್ಞಾನ ಕೋರ್ಸುಗಳಲ್ಲೂ ನೆರವಾಗುತ್ತದೆ ಎಂದು ತೋರಿಸಿತು.

ಡಾರ್ಟ್‌ಮತ್ ಕಾಲೇಜಿನ ಪ್ರಸಂಗ ಹೆಚ್ಚು ಸುದ್ದಿಯಾಯಿತು. ಅಲ್ಲಿನ ಮನೋವಿಜ್ಞಾನ ವಿಭಾಗವು ಎಪಿಯಲ್ಲಿ 5 ಪಡೆದಿದ್ದ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ತನ್ನ ಪರಿಚಯಾತ್ಮಕ ಕೋರ್ಸಿನ ಅಂತಿಮ ಪರೀಕ್ಷೆಯ ಸಂಕ್ಷಿಪ್ತ ರೂಪವನ್ನು ಕೊಟ್ಟಿತು. ಅವರಲ್ಲಿ ಶೇ. 90ರಷ್ಟು ಮಂದಿ ಉತ್ತೀರ್ಣರಾಗಲಿಲ್ಲ. 2013ರ ಆರಂಭದಲ್ಲಿ ಕಾಲೇಜು, 2018ರಲ್ಲಿ ಪದವಿ ಪಡೆಯಲಿರುವ ತಂಡದಿಂದ ಮೊದಲ್ಗೊಂಡು ಎಪಿಗೆ ಕ್ರೆಡಿಟ್ ಕೊಡುವುದನ್ನು ನಿಲ್ಲಿಸುವುದಾಗಿ ಘೋಷಿಸಿತು, ಸ್ಥಾನನಿರ್ಣಯವನ್ನು ಉಳಿಸಿಕೊಂಡಿತು. ಕಾಲೇಜ್ ಬೋರ್ಡ್ ಈ ಪ್ರಯೋಗದ ವಿಧಾನವನ್ನು ಪ್ರಶ್ನಿಸಿತು. ಒಂದು ವಿಷಯದ, ಒಂದು ಕಾಲೇಜಿನ ಪರೀಕ್ಷೆಯನ್ನು ರಸಾಯನಶಾಸ್ತ್ರಕ್ಕೋ ಭೌತಶಾಸ್ತ್ರಕ್ಕೋ ಹಾಗೆಯೇ ವಿಸ್ತರಿಸಲಾಗದು ಎಂಬುದು ನಿಜ.

ಎದುರು ದಿಕ್ಕಿನಿಂದ ಬಂದ ಸಾಕ್ಷ್ಯವೂ ಇದೆ. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಶಾಲೆಯು 1987ರಲ್ಲಿ ಮಾನವಿಕ ವಿಷಯಗಳನ್ನು ಓದುವ ವಿದ್ಯಾರ್ಥಿಗಳನ್ನು ಪದವಿಯ ಎರಡನೇ ವರ್ಷದಲ್ಲಿಯೇ ಆಯ್ಕೆಮಾಡಿಕೊಂಡು, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ ಹಾಗೂ ಎಂಕ್ಯಾಟ್‌ಗಳಿಂದ ವಿನಾಯಿತಿ ಕೊಡುವ ಕಾರ್ಯಕ್ರಮ ಆರಂಭಿಸಿತು. ಡೇವಿಡ್ ಮುಲ್ಲರ್ ಮತ್ತು ನೇಥನ್ ಕೇಸ್ ಅವರು 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಈ ವಿದ್ಯಾರ್ಥಿಗಳ ಒಟ್ಟಾರೆ ಸಾಧನೆ ಸಾಂಪ್ರದಾಯಿಕ ಹಾದಿಯಲ್ಲಿ ಬಂದ ಸಹಪಾಠಿಗಳಿಗೆ ಸರಿಸಮವಾಗಿತ್ತು. ಆದರೆ ಅವರು ಸ್ವತಃ ಶಾಲೆಯೇ ಆರಿಸಿಕೊಂಡ ಕೆಲವೇ ಮಂದಿ. ಉಳಿದವರು ಪ್ರವೇಶದ ಬಾಗಿಲಲ್ಲಿ ಇದೇ ಕೋರ್ಸುಗಳ ಶ್ರೇಣಿಯಿಂದ ಅಳೆಯಲ್ಪಡುತ್ತಾರೆ.

ಸಮಾನತೆಯ ಪ್ರಶ್ನೆ

ಪರಿಚಯಾತ್ಮಕ ಕೋರ್ಸುಗಳು ಕಲಿಸುವುದಕ್ಕಷ್ಟೇ ಅಲ್ಲ, ಜರಡಿ ಹಿಡಿಯುವುದಕ್ಕೂ ಬಳಕೆಯಾಗುತ್ತವೆ ಎಂಬ ಟೀಕೆ ಹಳೆಯದು. ಸ್ಟ್ಯಾನ್‌ಫರ್ಡ್‌ನ ಡೊನಾಲ್ಡ್ ಬಾರ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನವು, ಕಾಲೇಜಿನ ಆರಂಭದಲ್ಲಿ ವೈದ್ಯರಾಗಬಯಸಿದ್ದವರಲ್ಲಿ ಮಹಿಳೆಯರು ಮತ್ತು ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳ ಆಸಕ್ತಿ ಹೆಚ್ಚಾಗಿ ಇಳಿದುದನ್ನೂ, ಅದಕ್ಕೆ ರಸಾಯನಶಾಸ್ತ್ರದ ಕೋರ್ಸುಗಳು ಮುಖ್ಯ ಕಾರಣವೆಂದು ಅವರು ಹೇಳಿದುದನ್ನೂ ದಾಖಲಿಸಿತು.

ಮರು ಓದಿನ ಸಲಹೆಯನ್ನು ಈ ಹಿನ್ನೆಲೆಯಲ್ಲಿ ನೋಡಿದಾಗ ಅದರ ಇನ್ನೊಂದು ಮುಖ ಕಾಣುತ್ತದೆ. ಪರಸ್ಪರ ಹೋಲಿಕೆಯ ಮೇಲೆ ಶ್ರೇಣಿ ಕೊಡುವ ತರಗತಿಯಲ್ಲಿ, ಪ್ರೌಢಶಾಲೆಯಲ್ಲಿ ಎಪಿ ಓದಿ 5 ಪಡೆದವನು ಶ್ರೇಣಿಗಾಗಿಯೇ ಮತ್ತೆ ಕೂತರೆ, ಅವನ ಪಕ್ಕದಲ್ಲಿ ಮೊದಲ ಬಾರಿಗೆ ಆ ವಿಷಯವನ್ನು ಎದುರಿಸುತ್ತಿರುವವಳ ಶ್ರೇಣಿ ಕುಸಿಯುತ್ತದೆ. ಅಮೆರಿಕದ ಎಲ್ಲ ಪ್ರೌಢಶಾಲೆಗಳಲ್ಲಿ ಎಪಿ ವಿಜ್ಞಾನ ಲಭ್ಯವಿಲ್ಲ; ಗ್ರಾಮೀಣ ಮತ್ತು ಬಡ ಪ್ರದೇಶಗಳ ಶಾಲೆಗಳಲ್ಲಿ ಅದು ವಿರಳ. ವಿದ್ಯಾರ್ಥಿಯ ವೈಯಕ್ತಿಕ ಲಾಭದ ಲೆಕ್ಕದಲ್ಲಿ ಈ ಸಂಗತಿಗೆ ಜಾಗವಿಲ್ಲ. ಇದಕ್ಕೆ ಪರಿಹಾರವೂ ವಿದ್ಯಾರ್ಥಿಯ ಕೈಯಲ್ಲಿಲ್ಲ: ತಯಾರಿಗೆ ತಕ್ಕಂತೆ ಪ್ರತ್ಯೇಕ ತರಗತಿಗಳನ್ನು ನಡೆಸುವುದು, ಹೋಲಿಕೆಯ ಶ್ರೇಣಿಯನ್ನು ಬಿಡುವುದು ಕಾಲೇಜುಗಳ ಕೆಲಸ.

ಭಾರತದ ಪದ್ಧತಿಯೊಡನೆ ಹೋಲಿಕೆ

ಭಾರತದಲ್ಲಿ ಈ ಪ್ರಶ್ನೆ ಉದ್ಭವಿಸುವುದಿಲ್ಲ. ಕರ್ನಾಟಕದ ವಿದ್ಯಾರ್ಥಿ ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ, 720 ಅಂಕಗಳ ನೀಟ್ ಪರೀಕ್ಷೆಯ ಮೂಲಕ ನೇರವಾಗಿ ಎಂಬಿಬಿಎಸ್ ಸೇರುತ್ತಾನೆ. ಮೂಲ ವಿಜ್ಞಾನದ ಬೋಧನೆ ಅವನಿಗೆ ಅಲ್ಲಿಗೇ ಮುಗಿಯುತ್ತದೆ. ಮೊದಲ ವರ್ಷದಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾವಿಜ್ಞಾನ ಮತ್ತು ಜೀವರಸಾಯನಶಾಸ್ತ್ರಗಳು ಆರಂಭವಾಗುತ್ತವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಪೋಷಕರಿಗೆ ಮಕ್ಕಳ ಎಪಿ ಪಠ್ಯಪುಸ್ತಕ ತಮ್ಮ ಪಿಯುಸಿಯ ಪಾಠದಂತೆ ಕಾಣುವುದೂ, ಅದನ್ನು ಕಾಲೇಜಿನಲ್ಲಿ ಮತ್ತೆ ಓದುವುದು ವ್ಯರ್ಥವೆನಿಸುವುದೂ ಸಹಜ. ಆದರೆ ಅಲ್ಲಿ ಪ್ರೌಢಶಾಲೆಯ ಅಂಕ ವೈದ್ಯಕೀಯ ಪ್ರವೇಶಕ್ಕೆ ಲೆಕ್ಕವಾಗುವುದಿಲ್ಲ. ಕಾಲೇಜಿನ ದಾಖಲೆಯೇ ಪ್ರಮಾಣ.

ಭಾರತದಲ್ಲಿ ಪಿಯುಸಿ ಮುಗಿಸಿ ಪದವಿಗೆಂದು ಅಮೆರಿಕಕ್ಕೆ ಹೋಗುವವರು ಇನ್ನೂ ಎರಡು ವಿಷಯಗಳನ್ನು ಗಮನಿಸಬೇಕು. ಹೆಚ್ಚಿನ ವೈದ್ಯಕೀಯ ಶಾಲೆಗಳು ಅಗತ್ಯ ಕೋರ್ಸುಗಳನ್ನು ಅಮೆರಿಕ ಅಥವಾ ಕೆನಡಾದ ಸಂಸ್ಥೆಯಲ್ಲಿ ಓದಿರಬೇಕೆಂದು ಬಯಸುತ್ತವೆ. ಅನೇಕ ಶಾಲೆಗಳು ಅಲ್ಲಿನ ಪೌರತ್ವ ಅಥವಾ ಕಾಯಂ ವಾಸದ ಹಕ್ಕಿಲ್ಲದವರ ಅರ್ಜಿಯನ್ನೇ ಸ್ವೀಕರಿಸುವುದಿಲ್ಲ. ಭಾರತದಲ್ಲಿ ಎಂಬಿಬಿಎಸ್ ಮುಗಿಸಿ ಅಮೆರಿಕದಲ್ಲಿ ತರಬೇತಿ ಪಡೆಯಬಯಸುವ ವೈದ್ಯರ ಹಾದಿ ಪೂರ್ತಿ ಬೇರೆ. ಅವರು ಯುಎಸ್ಎಂಎಲ್ಇ ಪರೀಕ್ಷೆಗಳನ್ನು ಬರೆದು ರೆಸಿಡೆನ್ಸಿಗೆ ಅರ್ಜಿ ಹಾಕುತ್ತಾರೆ.